ನಮ್ಮ ತೋಟದ ಕೆಳಗೆ ಏನಿದೆ ಅಂತ ನಮಗೂ ಹೇಳಿ

ಮಾನ್ಯ ಗಣಿ ಮತ್ತು ಭೂವಿಜ್ಞಾನ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಹಾಗೇ ಇದನ್ನು ಓದುವ ನಮ್ಮ ಹಾಸನ ಜಿಲ್ಲೆಯ ಜನರಿಗೆ,

ನಮಸ್ಕಾರ.

ನಾನು ಚನ್ನರಾಯಪಟ್ಟಣ ತಾಲ್ಲೂಕು ನುಗ್ಗೇಹಳ್ಳಿ ಹೋಬಳಿಯವನು. ತೆಂಗು ಬೆಳೆಯುತ್ತೇನೆ. ಮಳೆ ಆದ ವರ್ಷ ಸ್ವಲ್ಪ ರಾಗಿ, ಹುರುಳಿ. ನನ್ನ ತೋಟದ ಮೇಲಿನ ಬದುವಿನ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಸಿಮೆಂಟ್ ಕಂಬ ಇದೆ. ಅದರ ಮೇಲೆ ಇಂಗ್ಲಿಷಿನಲ್ಲಿ ‘ಬಿಎಚ್’ ಅಂತ ಎರಡು ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಬೋರ್‌ಹೋಲ್ ಅಂತ ಅದರ ಅರ್ಥ. ಈ ಪತ್ರ ಬರೆಯಲು ಆ ಕಂಬವೇ ಕಾರಣ.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ, ಒಂದು ತಂಡ ಮಷೀನ್ ತಂದು ಅಲ್ಲಿ ನಿಲ್ಲಿಸಿತು. ನಾವು ನೋಡಿದ ಬೋರ್‌ವೆಲ್ ಲಾರಿಯ ಹಾಗಿರಲಿಲ್ಲ. ಬೋರ್‌ವೆಲ್ ಕೊರೆದರೆ ಕಲ್ಲು ಪುಡಿಯಾಗಿ ಬರುತ್ತದೆ. ಇದರಲ್ಲಿ ಕಲ್ಲು ಇಡಿಯಾಗಿ, ಒನಕೆ ತುಂಡುಗಳ ಹಾಗೆ ಮೇಲೆ ಬರುತ್ತಿತ್ತು. ಅದಕ್ಕೆ ಅವರು ಕೋರ್ ಅನ್ನುತ್ತಿದ್ದರು. ಒಂದೊಂದೇ ತುಂಡನ್ನು ತೊಳೆದು, ಉದ್ದುದ್ದ ಗೂಡುಗಳಿದ್ದ ಪೆಟ್ಟಿಗೆಯಲ್ಲಿ ಜೋಡಿಸಿ, ಎಷ್ಟು ಆಳದ್ದು ಅಂತ ಬರೆದು ಇಡುತ್ತಿದ್ದರು. ಹಗಲೂ ರಾತ್ರಿಯೂ ಮಷೀನ್ ಓಡಿತು. ನಮ್ಮವ್ವ ಅವರಿಗೆ ಮಜ್ಜಿಗೆ ಕೊಟ್ಟರು. ನಾನು ಸಂಜೆ ಹೊತ್ತು ಹೋಗಿ ನಿಂತು ನೋಡುತ್ತಿದ್ದೆ. ಕೆಲವು ತುಂಡು ಕಡು ಹಸಿರು, ಮುಟ್ಟಿದರೆ ಸೋಪಿನ ಹಾಗೆ ನುಣುಪು. ಕೆಲವು ಕಪ್ಪು, ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ.

‘ಏನು ಸಿಕ್ಕಿತು ಸ್ವಾಮಿ?’ ಅಂತ ಕೇಳಿದೆ. ‘ಲ್ಯಾಬಿಗೆ ಹೋಗಿ ಬರಬೇಕು’ ಅಂದರು. ಪೆಟ್ಟಿಗೆಗಳನ್ನು ಲಾರಿಗೆ ಹಾಕಿಕೊಂಡು, ತೂತಿಗೆ ಸಿಮೆಂಟ್ ತುಂಬಿ, ಕಂಬ ನೆಟ್ಟು ಹೊರಟರು. ಅವರು ಯಾರ ಕಡೆಯವರು ಅನ್ನೋದು ಇಲ್ಲಿ ಬೇಡ. ಕೆಲಸ ಮಾಡಿದ ಹುಡುಗರು ಒಳ್ಳೆಯವರೇ. ಆದರೆ ಲ್ಯಾಬಿಗೆ ಹೋದ ಕಲ್ಲು ಏನು ಹೇಳಿತು ಅಂತ ಇವತ್ತಿನವರೆಗೆ ನಮ್ಮೂರಿನ ಒಬ್ಬರಿಗೂ ಗೊತ್ತಾಗಿಲ್ಲ.

ಸ್ವಾಮಿ, ನಮ್ಮ ಪಹಣಿಯಲ್ಲಿ ನೆಲದ ಮೇಲಿನದೆಲ್ಲ ಇದೆ. ಎಷ್ಟು ಎಕರೆ, ಎಷ್ಟು ಗುಂಟೆ, ಖರಾಬು ಎಷ್ಟು, ಯಾವ ಬೆಳೆ, ಎಷ್ಟು ಸಾಲ. ನೆಲದ ಕೆಳಗಿನ ಲೆಕ್ಕ ಮಾತ್ರ ಎಲ್ಲೋ ದೂರದ ಕಪಾಟಿನಲ್ಲಿದೆ. ಆ ಲೆಕ್ಕವನ್ನು ಪೂರ್ತಿ ಮಾಡಿ, ನಮಗೆ ಓದಲು ಬರುವ ಹಾಗೆ ನಮ್ಮ ಮುಂದೆ ಇಡಿ. ನಾನು ಕೇಳೋದು ಇಷ್ಟು.

ಯಾಕೆ ಕೇಳುತ್ತಿದ್ದೇನೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕಾಲಡಿಯ ಕಲ್ಲಿಗೆ ಭೂವಿಜ್ಞಾನಿಗಳು ‘ನುಗ್ಗೇಹಳ್ಳಿ ಶಿಸ್ಟ್ ಪಟ್ಟಿ’ ಅಂತ ಹೆಸರಿಟ್ಟಿದ್ದಾರೆ. ಶಿಸ್ಟ್ ಅಂದರೆ ಬಿಸಿ, ಒತ್ತಡಕ್ಕೆ ಸಿಕ್ಕಿ ಪದರ ಪದರವಾದ ಕಲ್ಲು. ಈ ಪಟ್ಟಿ ಕೆಂಪಿನಕೋಟೆ ಕಡೆಯಿಂದ ಶುರುವಾಗಿ ಅರಸೀಕೆರೆ ಕಡೆಗೆ ಸುಮಾರು 60 ಕಿಲೋಮೀಟರ್ ಉದ್ದ. ಅಗಲ ನೋಡಿದರೆ ಒಂದೆರಡು ಕಿಲೋಮೀಟರ್, ಅಷ್ಟೇ. ಭೂಪಟದಲ್ಲಿ ಪೆನ್ಸಿಲ್ ಗೆರೆ ಎಳೆದ ಹಾಗೆ ಕಾಣುತ್ತದೆ. ಇಲ್ಲಿನ ಕಲ್ಲು 300 ಕೋಟಿ ವರ್ಷಕ್ಕೂ ಹಳೆಯದು. ಅದೇ ಜಿಲ್ಲೆಯ ಗೊರೂರಿನ ಹತ್ತಿರದ ಕಲ್ಲು ಸುಮಾರು 330 ಕೋಟಿ ವರ್ಷದ್ದು ಅಂತ ಅಳೆದಿದ್ದಾರೆ. ದಕ್ಷಿಣ ಭಾರತದ ಅತಿ ಹಳೆಯ ಕಲ್ಲುಗಳಲ್ಲಿ ಅದೂ ಒಂದು. ಹೇಮಾವತಿ ನೀರು ನೋಡಲು ಅಲ್ಲಿಗೆ ಹೋಗುವ ನಾವು ಆ ಕಲ್ಲಿನ ಮೇಲೇ ಕೂತು ಬುತ್ತಿ ಬಿಚ್ಚುತ್ತೇವೆ.

ಭೂಮಿಯ ಬಹಳ ಆಳದಿಂದ ಬಂದ ಬಿಸಿ ರಸ ಇಲ್ಲಿ ಕಲ್ಲಿನ ಪದರಗಳ ನಡುವೆ ನುಗ್ಗಿ ನಿಧಾನವಾಗಿ ತಣ್ಣಗಾಯಿತು. ತಣ್ಣಗಾಗುವಾಗ ಭಾರದ ಖನಿಜ ತಳಕ್ಕೆ ಕೂತಿತು. ಹಾಗೆ ಬಂದದ್ದು ಕ್ರೋಮೈಟ್. ಸ್ಟೇನ್‌ಲೆಸ್ ಸ್ಟೀಲಿಗೆ ಬೇಕಾದ ಕ್ರೋಮಿಯಂ ಬರೋದು ಇದರಿಂದಲೇ. ಬೈರಾಪುರ, ಭಕ್ತರಹಳ್ಳಿ, ಜಂಬೂರು, ತಗಡೂರು, ಈ ಹೆಸರುಗಳು ನಮಗೆ ನೆಂಟರ ಊರುಗಳು. ಭೂವಿಜ್ಞಾನಿಗಳಿಗೆ ಅವು ಕ್ರೋಮೈಟ್ ಊರುಗಳು. ಬೈರಾಪುರದಲ್ಲಂತೂ ನೆಲದಡಿಯ ಗಣಿಯೇ ನಡೆದಿದೆ. ಕ್ರೋಮೈಟಿನ ಜೊತೆಗೇ, ಸ್ವಲ್ಪ ಮೇಲಿನ ಪದರದಲ್ಲಿ, ಟೈಟೇನಿಯಂ ಮತ್ತು ವೆನೇಡಿಯಂ ಸೇರಿರುವ ಮ್ಯಾಗ್ನೆಟೈಟ್, ಅಂದರೆ ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು, ಇದೆ. ಚಿಕ್ಕಂದಿನಲ್ಲಿ ಕೆಟ್ಟ ರೇಡಿಯೋದ ಸ್ಪೀಕರ್ ಬಿಚ್ಚಿ, ಅದರ ಆಯಸ್ಕಾಂತಕ್ಕೆ ದಾರ ಕಟ್ಟಿ ಹಳ್ಳದ ಮರಳಲ್ಲಿ ಎಳೆದುಕೊಂಡು ಓಡುತ್ತಿದ್ದೆವು. ಮನೆಗೆ ಬರುವಾಗ ಅದಕ್ಕೆ ಕರಡಿ ಕೂದಲಿನ ಹಾಗೆ ಕಪ್ಪು ಮರಳು ಮೆತ್ತಿಕೊಂಡಿರುತ್ತಿತ್ತು. ಅದು ಈ ಮ್ಯಾಗ್ನೆಟೈಟಿನ ಪುಡಿ ಅಂತ ಗೊತ್ತಾದದ್ದು ನನಗೆ ಐವತ್ತು ದಾಟಿದ ಮೇಲೆ.

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು. ಬೇಲೂರು, ಹಳೇಬೀಡಿನ ಹಾಗೆ ಅದೂ ಬಳಪದ ಕಲ್ಲಿನದು. ಬೇಲೂರು, ಹಳೇಬೀಡುಗಳಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ನಮ್ಮೂರ ದೇವಸ್ಥಾನಕ್ಕೆ ಅಷ್ಟು ಜನ ಬರೋದಿಲ್ಲ. ಬಂದವರು ಗೋಡೆಯ ಶಿಲ್ಪ ನೋಡಿ ಬೆರಗಾಗುತ್ತಾರೆ. ನಾನು ಈಗೀಗ ಕಲ್ಲನ್ನೂ ನೋಡುತ್ತೇನೆ. ಉಗುರು ತಾಗಿದರೆ ಗೀರು ಬೀಳುವಷ್ಟು ಮೆತ್ತನೆಯ ಇಂಥ ಕಲ್ಲು ನಮ್ಮ ಸೀಮೆಯಲ್ಲಿ ಇರೋದಕ್ಕೂ, ನಮ್ಮ ತೋಟದಲ್ಲಿ ಬಂದ ಹಸಿರು ಕೋರ್‌ಗೂ ನಂಟಿದೆ. ಮೆಗ್ನೀಸಿಯಂ ಜಾಸ್ತಿ ಇರುವ ಕಲ್ಲು ನೀರು, ಬಿಸಿ, ಒತ್ತಡಕ್ಕೆ ಸಿಕ್ಕಿ ಬದಲಾದರೆ ಹೀಗೆ ನುಣುಪಾಗುತ್ತದೆ.

ಇನ್ನೂ ಇದೆ. ಕೆಂಪಿನಕೋಟೆಯಲ್ಲಿ ಹಳೇ ಕಾಲದವರು ಚಿನ್ನಕ್ಕಾಗಿ ತೋಡಿದ ಗುಂಡಿಗಳಿವೆ. ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿ ತಾಮ್ರದ ಗಣಿ ನಡೆದಿತ್ತು. ಹೊಳೆನರಸೀಪುರದ ಕಡೆ ಹಿಂದೆ ಕಲ್ನಾರು ತೆಗೆದಿದ್ದಾರೆ. ಕ್ರೋಮಿಯಂ ಸೇರಿ ಹಸಿರು ಬಣ್ಣಕ್ಕೆ ತಿರುಗಿದ ಬೆಣಚುಕಲ್ಲು ಅಲ್ಲಿ ಸಿಗುತ್ತದೆ. ಒಂದೇ ಜಿಲ್ಲೆಯಲ್ಲಿ ಇಷ್ಟು ಬಗೆ. ಆದರೂ ಖನಿಜ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬಳ್ಳಾರಿ, ಕೋಲಾರ. ಹಾಸನ ಅಂದರೆ ಆಲೂಗೆಡ್ಡೆ, ಕಾಫಿ, ದೇವಸ್ಥಾನ.

ನಮ್ಮ ಸೀಮೆಯನ್ನು ಯಾರೂ ನೋಡಿಯೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಮೈಸೂರು ಸಂಸ್ಥಾನ 1894ರಲ್ಲೇ ಭೂವಿಜ್ಞಾನ ಇಲಾಖೆ ಶುರುಮಾಡಿತು. ಮೊದಲು ಅದನ್ನು ನಡೆಸಿದವರು ರಾಬರ್ಟ್ ಬ್ರೂಸ್ ಫೂಟ್. ಆ ಕಾಲದ ಇಲಾಖೆಯವರು ಡೇರೆ ಹೊತ್ತುಕೊಂಡು ಊರೂರು ನಡೆದು ಕಲ್ಲು ನೋಡಿದರು. ನೋಡಿದ್ದನ್ನು ವರದಿಗಳಲ್ಲಿ ಊರಿನ ಹೆಸರು ಸಮೇತ ಬರೆದಿಟ್ಟರು. ಅದೇ ಇಲಾಖೆಯ ಸಂಪತ್ ಅಯ್ಯಂಗಾರ್ 1913ರಲ್ಲಿ ಕುದುರೆಮುಖದ ಕಬ್ಬಿಣದ ಅದಿರು ಗುರುತಿಸಿದರು. ಮುಂದೆ ಇಲಾಖೆಯ ನಿರ್ದೇಶಕರಾದ ಬಿ.ಪಿ. ರಾಧಾಕೃಷ್ಣ ಅವರು ಬೆಂಗಳೂರಿನಲ್ಲಿ 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಕಟ್ಟಿದವರಲ್ಲಿ ಮುಖ್ಯರು. ಇಂಥವರು ನಡೆದ ನೆಲ ಇದು. ನಿಮ್ಮ ಇಲಾಖೆಗೆ ಒಂದು ದೊಡ್ಡ ಪರಂಪರೆ ಇದೆ. ಅದನ್ನು ಮನಸಾರೆ ಗೌರವಿಸಿಯೇ ಕೇಳುತ್ತಿದ್ದೇನೆ.

ಆದರೆ ಆಗ ನೋಡಿದ್ದು ಆ ಕಾಲಕ್ಕೆ ಬೇಕಾದದ್ದನ್ನು. ಕ್ರೋಮೈಟ್‌ಗೆ ಕೊಳ್ಳುವವರಿದ್ದರು, ತೆಗೆದರು. ಟೈಟೇನಿಯಂ ಸೇರಿದ ಮ್ಯಾಗ್ನೆಟೈಟ್ ಊದುಕುಲುಮೆಗೆ ಹಾಕಿದರೆ ಕಿಟ್ಟ ಗಟ್ಟಿಯಾಗಿ ಹರಿಯೋದಿಲ್ಲ, ಕುಲುಮೆ ನಡೆಸೋದು ಕಷ್ಟ. ಹಾಗಾಗಿ ಅದನ್ನು ಕೆಟ್ಟ ಕಬ್ಬಿಣ ಅಂತ ಬಿಟ್ಟರು. ಈಗ ಕಾಲ ತಿರುಗಿದೆ. ಅದರಲ್ಲಿರುವ ವೆನೇಡಿಯಂ ಬಲವಾದ ಉಕ್ಕಿಗೆ ಬೇಕು. ಸೋಲಾರ್, ಗಾಳಿ ವಿದ್ಯುತ್ ಕೂಡಿಡುವ ದೊಡ್ಡ ಬ್ಯಾಟರಿಗಳಿಗೂ ಬೇಕು. ಜಗತ್ತಿನ ವೆನೇಡಿಯಂನ ಬಹುಪಾಲು ಚೀನಾ, ರಷ್ಯಾ, ದಕ್ಷಿಣ ಆಫ್ರಿಕಾದಿಂದ ಬರುತ್ತದೆ, ಅದೂ ಇದೇ ಜಾತಿಯ ಕಲ್ಲಿನಿಂದ. ಕೇಂದ್ರ ಸರ್ಕಾರ 2023ರಲ್ಲಿ 30 ಖನಿಜಗಳನ್ನು ದೇಶಕ್ಕೆ ಬಹಳ ಮುಖ್ಯ ಅಂತ ಪಟ್ಟಿ ಮಾಡಿತು. ವೆನೇಡಿಯಂ, ಟೈಟೇನಿಯಂ, ನಿಕ್ಕಲ್, ಕೋಬಾಲ್ಟ್, ತಾಮ್ರ, ಪ್ಲಾಟಿನಂ ಗುಂಪಿನ ಲೋಹಗಳು ಎಲ್ಲವೂ ಅದರಲ್ಲಿವೆ. 2025ರ ಜನವರಿಯಲ್ಲಿ ಅದಕ್ಕಾಗಿಯೇ 16,300 ಕೋಟಿ ರೂಪಾಯಿಯ ಮಿಷನ್‌ಗೆ ಒಪ್ಪಿಗೆ ಕೊಟ್ಟರು. ಪಟ್ಟಿ ಓದುವಾಗ ನಮ್ಮ ಹೋಬಳಿಯ ಬಗ್ಗೆಯೇ ಓದಿದ ಹಾಗೆ ಆಯಿತು.

ದಕ್ಷಿಣ ಆಫ್ರಿಕಾದ ಬುಶ್‌ವೆಲ್ಡ್ ಅನ್ನುವ ಕಡೆ ಕ್ರೋಮೈಟ್, ವೆನೇಡಿಯಂ ಮ್ಯಾಗ್ನೆಟೈಟ್, ಪ್ಲಾಟಿನಂ ಮೂರೂ ಒಂದರ ಮೇಲೊಂದು ಪದರವಾಗಿ ಸಿಗುತ್ತವೆ. ನಮ್ಮದೇ ರಾಜ್ಯದ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದಲ್ಲಿ ಪ್ಲಾಟಿನಂ ಗುಂಪಿನ ಲೋಹಗಳು ಇರೋದನ್ನು ನಮ್ಮ ಭೂವಿಜ್ಞಾನಿಗಳೇ ಕಂಡಿದ್ದಾರೆ. ಹಾಗಾದರೆ ನುಗ್ಗೇಹಳ್ಳಿಯಲ್ಲೂ ಇರಬೇಕಲ್ವಾ ಅಂತ ಆಸೆ ಹುಟ್ಟೋದು ಸಹಜ. ಆದರೆ ಬುಶ್‌ವೆಲ್ಡ್‌ನ ಪದರಗಳು ನೂರಾರು ಕಿಲೋಮೀಟರ್ ಹಾಸಿಕೊಂಡಿವೆ. ನಮ್ಮದು ಅದರ ಮುಂದೆ ತೀರಾ ಚಿಕ್ಕದು. ಅದೂ ಮಡಿಸಿ, ಹಿಂಡಿ, ತುಂಡು ತುಂಡಾಗಿದೆ. ನೆಲದಲ್ಲಿ ಗೆಣಸಿನ ಗೆಡ್ಡೆ ಇರುವ ಹಾಗೆ ಕ್ರೋಮೈಟ್ ಅಲ್ಲೊಂದು ಇಲ್ಲೊಂದು ಉಂಡೆಯಾಗಿ ಕೂತಿದೆ. ಒಂದು ಕಡೆ ಚೆನ್ನಾಗಿ ಸಿಕ್ಕಿತು ಅಂತ ಪಕ್ಕದಲ್ಲಿ ಅಗೆದರೆ ಬರೀ ಮಣ್ಣು. ಗೆಣಸು ಕಿತ್ತವರಿಗೆ ಗೊತ್ತು, ಬಳ್ಳಿ ನೋಡಿ ಗೆಡ್ಡೆ ಹೇಳಲು ಬರೋದಿಲ್ಲ. ಹತ್ತಿರ ಹತ್ತಿರ ಕೊರೆದು ನೋಡದೆ ಇಲ್ಲಿ ಎಷ್ಟಿದೆ ಅಂತ ಹೇಳಲು ಯಾರಿಗೂ ಆಗೋದಿಲ್ಲ. ಅದಕ್ಕೇ ಹೇಳುತ್ತಿರೋದು, ಅರ್ಧ ನೋಡಿ ಬಿಡಬೇಡಿ.

ಖನಿಜ ಹುಡುಕೋದರಲ್ಲಿ ಜಿ-4, ಜಿ-3, ಜಿ-2, ಜಿ-1 ಅಂತ ನಾಲ್ಕು ಹಂತ ಇವೆ. ತೆಂಗಿನ ತೋಟ ಗುತ್ತಿಗೆಗೆ ಕೊಡುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ರಸ್ತೆಯಲ್ಲಿ ಬೈಕ್ ನಿಲ್ಲಿಸಿ, ತೋಟ ಹಸಿರಾಗಿದೆ, ಕಾಯಿ ಇರಬಹುದು ಅನ್ನೋದು ಜಿ-4. ಒಳಗೆ ಬಂದು ಹತ್ತು ಮರ ನೋಡಿ, ಒಟ್ಟು ಇಷ್ಟಾಗಬಹುದು ಅನ್ನೋದು ಜಿ-3. ಸಾಲು ಬಿಟ್ಟು ಸಾಲು ಎಣಿಸೋದು ಜಿ-2. ಪ್ರತಿ ಮರದ ಪ್ರತಿ ಗೊನೆ ನೋಡಿ, ಬಲಿತದ್ದೆಷ್ಟು, ಎಳೆಯದೆಷ್ಟು, ಕೀಳಿಸಿ ಸುಲಿಸೋ ಕೂಲಿ ಎಷ್ಟು, ಕೊಬ್ಬರಿ ಮಾಡಿ ತಿಪಟೂರಿಗೆ ಸಾಗಿಸಿದರೆ ಗಿಟ್ಟುತ್ತದಾ ಅಂತ ಲೆಕ್ಕ ಹಾಕೋದು ಜಿ-1.

ಈಗಿನ ನಿಯಮದಲ್ಲಿ ಜಿ-4 ಹಂತದಲ್ಲೇ ಜಾಗವನ್ನು ಹರಾಜಿಗೆ ಇಡಬಹುದು. ಉಳಿದ ಹುಡುಕಾಟವನ್ನು ಹರಾಜು ಗೆದ್ದವರೇ ಮಾಡಿಕೊಂಡು, ಸಿಕ್ಕರೆ ಗಣಿ ಮಾಡಬೇಕು. ಇದಕ್ಕೆ ಸಂಯುಕ್ತ ಪರವಾನಗಿ ಅನ್ನುತ್ತಾರೆ. ಸರ್ಕಾರದ ಖರ್ಚು ಉಳಿಯುತ್ತದೆ ಅನ್ನೋದು ನಿಜ. ಆದರೆ ರಸ್ತೆಯಲ್ಲಿ ನಿಂತು ತೋಟ ನೋಡಿದವನು ಎಷ್ಟು ಬೆಲೆ ಕಟ್ಟುತ್ತಾನೆ? ಒಂದೋ ಕಡಿಮೆ ಕೂಗುತ್ತಾನೆ, ಇಲ್ಲ ಬರೋದೇ ಇಲ್ಲ. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಇಂಥ ಖನಿಜಗಳ 20 ಬ್ಲಾಕ್‌ಗಳನ್ನು ಮೊದಲ ಸಲ ಹರಾಜಿಗೆ ಇಟ್ಟಾಗ ಅರ್ಧಕ್ಕಿಂತ ಜಾಸ್ತಿ ರದ್ದಾದವು. ಸಾಕಷ್ಟು ಜನ ಬಿಡ್‌ದಾರರು ಬರಲಿಲ್ಲ. ದುಡ್ಡಿಲ್ಲ ಅಂತಲೂ ಹೇಳುವ ಹಾಗಿಲ್ಲ. ಗಣಿ ನಡೆಸುವವರು ಕಟ್ಟುವ ರಾಯಲ್ಟಿಯ ಜೊತೆಗೆ ಅದರ ಒಂದು ಪಾಲು (ಮೊದಲು ಶೇ 2, 2025ರ ತಿದ್ದುಪಡಿಯಲ್ಲಿ ಶೇ 3) ಖನಿಜ ಹುಡುಕಾಟಕ್ಕೆಂದೇ ಹೋಗಲಿ ಅಂತ 2015ರಲ್ಲಿ ಒಂದು ಟ್ರಸ್ಟ್ ಮಾಡಿದ್ದಾರೆ. ಆ ಹಣ ನಮ್ಮಂಥ ಕಡೆಗೇ ಬರಬೇಕು. ಕನಿಷ್ಠ ಜಿ-2ರವರೆಗೆ ಸರ್ಕಾರವೇ ನೋಡಲಿ. ಆಮೇಲೆ ಹರಾಜಿನ ಮಾತು.

ಅರ್ಧ ಲೆಕ್ಕ ಎಷ್ಟು ಮೋಸ ಮಾಡುತ್ತದೆ ಅನ್ನೋದಕ್ಕೆ ಪಕ್ಕದ ಮಂಡ್ಯವೇ ಸಾಕ್ಷಿ. ಅಲ್ಲಿನ ಮರಳಗಾಲ–ಅಲ್ಲಾಪಟ್ಟಣದ ಹತ್ತಿರ ಲಿಥಿಯಂ ಇದೆ ಅಂತ 2020ರಲ್ಲಿ ಸುದ್ದಿಯಾದಾಗ ಓಡಾಡಿದ ಅಂದಾಜು 14,100 ಟನ್. ಮುಂದಿನ ವರ್ಷ ಸರ್ಕಾರ ಸಂಸತ್ತಿಗೆ ಹೇಳಿದ್ದು 1,600 ಟನ್. ಅದೂ ಊಹಿಸಿದ ದರ್ಜೆಯ ಲೆಕ್ಕ. ಯಾರೂ ಸುಳ್ಳು ಹೇಳಿರಲಿಲ್ಲ. ಮೊದಲ ಅಂದಾಜು ಅಂದರೆ ಹಾಗೇ. ಆದರೆ ಆ ದೊಡ್ಡ ಅಂಕಿ ಓದಿ ಕನಸು ಕಟ್ಟಿದವರು ಊರಿನ ಜನ ಅಲ್ವಾ?

ನಮ್ಮೂರಲ್ಲಿ ಅಂಕಿಯೂ ಇರಲಿಲ್ಲ. ಬರೀ ಮಾತು. ಮಷೀನ್ ಬಂದು ಹೋದ ಮೇಲೆ ಒಂದೊಂದು ದಿನ ಒಂದೊಂದು ಕಥೆ. ಪ್ಲಾಟಿನಂ ಸಿಕ್ಕಿದೆಯಂತೆ. ಊರೇ ಎತ್ತಿಸುತ್ತಾರಂತೆ. ಎಕರೆಗೆ ಇಷ್ಟು ಕೊಡುತ್ತಾರಂತೆ. ಒಂದು ವರ್ಷದೊಳಗೆ ಬ್ರೋಕರ್‌ಗಳು ಬಂದರು. ಮಗಳ ಮದುವೆ ಸಾಲ ಇದ್ದ ಒಬ್ಬರು, ಹೇಗೂ ಹೋಗುವ ಜಮೀನು ಅಂತ ಅಗ್ಗಕ್ಕೆ ಕೊಟ್ಟುಬಿಟ್ಟರು. ಈಗ ಅದೇ ಜಮೀನಿನಲ್ಲಿ ಕೂಲಿಗೆ ಹೋಗುತ್ತಾರೆ. ನಾನು ಎರಡು ಎಕರೆಯಲ್ಲಿ ಹೊಸ ತೆಂಗಿನ ಸಸಿ ಇಡಬೇಕು ಅಂತ ಗುಂಡಿ ತೆಗೆಸಿದ್ದೆ. ಗಣಿ ಬರುತ್ತದಂತೆ, ಸುಮ್ನೆ ಯಾಕೆ ದುಡ್ಡು ಹಾಕುತ್ತೀಯ ಅಂತ ಎಲ್ಲರೂ ಅಂದರು. ಬಿಟ್ಟೆ. ನಮ್ಮ ಕಡೆಯ ಎತ್ತರದ ತಳಿ ಫಲಕ್ಕೆ ಬರಲು ಏಳೆಂಟು ವರ್ಷ ಬೇಕು. ಅವತ್ತು ಇಟ್ಟಿದ್ದರೆ ಇಷ್ಟೊತ್ತಿಗೆ ಹೊಂಬಾಳೆ ಬಿಟ್ಟಿರುತ್ತಿತ್ತು. ಈಗ ಆ ಗುಂಡಿಗಳಲ್ಲಿ ಲಂಟಾನ ಬೆಳೆದಿದೆ.

ಒಂದು ಹಾಳೆ ಸಾಕಾಗಿತ್ತು. ಕೊರೆದೆವು, ಇಷ್ಟು ಆಳದಲ್ಲಿ ಇಂಥ ಕಲ್ಲು ಬಂತು, ಸದ್ಯಕ್ಕೆ ಇಲ್ಲಿ ಗಣಿ ಮಾಡುವಷ್ಟು ಏನೂ ಇಲ್ಲ ಅಂತಲೋ, ಇದೆ, ಇನ್ನೂ ನೋಡಬೇಕು ಅಂತಲೋ ಕನ್ನಡದಲ್ಲಿ ಬರೆದು ಪಂಚಾಯ್ತಿ ಬೋರ್ಡಿಗೆ ಅಂಟಿಸಿದ್ದರೆ ಆ ಸಸಿಗಳು ಇರುತ್ತಿದ್ದವು. ಅವರ ಜಮೀನೂ ಉಳಿಯುತ್ತಿತ್ತು.

ವರದಿಗಳೆಲ್ಲ ಈಗ ಆನ್‌ಲೈನ್‌ನಲ್ಲಿವೆ ಅಂತ ನೀವು ಹೇಳಬಹುದು. ಹೌದು, 2023ರ ಡಿಸೆಂಬರಿನಲ್ಲಿ ಕೇಂದ್ರದವರು ದೇಶದ ಭೂವಿಜ್ಞಾನದ ದಾಖಲೆಗಳನ್ನೆಲ್ಲ ಒಂದೇ ಪೋರ್ಟಲ್‌ಗೆ ತಂದಿದ್ದಾರೆ. ದೊಡ್ಡ ಕೆಲಸ, ಮೆಚ್ಚಬೇಕು. ಎಂಜಿನಿಯರಿಂಗ್ ಓದುವ ನನ್ನ ಮಗನ ಜೊತೆ ಕೂತು ನಾನೂ ನೋಡಿದೆ. ಎಲ್ಲ ಇಂಗ್ಲಿಷ್, ಅದೂ ಭೂವಿಜ್ಞಾನದ ಇಂಗ್ಲಿಷ್. ಎರಡು ಸಂಜೆ ಕೂತರೂ ನಮ್ಮ ಸರ್ವೆ ನಂಬರಿಗೂ ಆ ನಕ್ಷೆಯ ಬಣ್ಣಗಳಿಗೂ ತಾಳೆ ಹಾಕಲು ಆಗಲಿಲ್ಲ. ಅದು ಕಂಪನಿಗಳಿಗೆ ಮಾಡಿದ್ದು, ಇರಲಿ. ಅದರಲ್ಲಿರುವುದನ್ನೇ ನಮಗೆ ಬೇಕಾದ ಹಾಗೆ ಬರೆದು ಕೊಡಲು ನಿಮ್ಮ ಜಿಲ್ಲಾ ಕಚೇರಿಗೆ ಆಗದ ಕೆಲಸ ಏನಲ್ಲ.

ಇನ್ನು ನೀರಿನ ವಿಷಯ. ಇದಕ್ಕೆ ಸ್ವಲ್ಪ ಸಮಯ ಕೊಟ್ಟು ಓದಿ ಅಂತ ಕೇಳಿಕೊಳ್ಳುತ್ತೇನೆ.

ಕ್ರೋಮಿಯಂನಲ್ಲಿ ಎರಡು ರೂಪ ಇವೆ. ಕಲ್ಲಿನೊಳಗೆ ಇರುವ ರೂಪ ಅಷ್ಟು ಅಪಾಯದ್ದಲ್ಲ. ಅದೇ ಕಲ್ಲು ಒಡೆದು, ಮಳೆ ಗಾಳಿಗೆ ಬಿದ್ದು, ಮಣ್ಣಿನ ಮ್ಯಾಂಗನೀಸ್ ಜೊತೆ ಸೇರಿದಾಗ ಇನ್ನೊಂದು ರೂಪಕ್ಕೆ ತಿರುಗಬಹುದು. ಅದನ್ನು ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನುತ್ತಾರೆ. ಅದು ನೀರಲ್ಲಿ ಕರಗುತ್ತದೆ, ಅದು ವಿಷ. ದೇಶದ ಕ್ರೋಮೈಟಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಇರುವ ಒಡಿಶಾದ ಸುಕಿಂದಾ ಕಣಿವೆ ಇದರಿಂದಲೇ ಹೆಸರು ಕೆಡಿಸಿಕೊಂಡಿದೆ. ಕುಡಿಯುವ ನೀರಿನಲ್ಲಿ ಎಲ್ಲ ರೂಪ ಸೇರಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ನಿಯಮ. ನುಗ್ಗೇಹಳ್ಳಿ ಪಟ್ಟಿಯ ಕ್ರೋಮೈಟ್ ಗಣಿಗಳ ಸುತ್ತಲಿನ ಮಣ್ಣನ್ನು ವಿಜ್ಞಾನಿಗಳು ಈಗಾಗಲೇ ಪರೀಕ್ಷೆ ಮಾಡಿದ್ದಾರೆ. ಕ್ರೋಮಿಯಂ, ನಿಕ್ಕಲ್ ಜಾಸ್ತಿ ಇರೋದು ಕಂಡಿದ್ದಾರೆ, ಪ್ರಕಟಿಸಿಯೂ ಇದ್ದಾರೆ. ಸ್ವಲ್ಪ ಭಾಗ ಈ ಕಲ್ಲಿನ ಸ್ವಭಾವದಿಂದಲೇ ಬಂದಿರಬಹುದು. ಸ್ವಲ್ಪ ಗಣಿಯಿಂದ. ಯಾವುದು ಎಷ್ಟು ಅಂತ ಬಿಡಿಸಿ ಹೇಳಬೇಕಾದರೆ ಹೊಸದಾಗಿ ಅಗೆಯುವ ಮೊದಲೇ ಪ್ರತಿ ಊರಿನ ಬೋರ್‌ವೆಲ್ ನೀರು ಪರೀಕ್ಷೆ ಮಾಡಿ ಬರೆದಿಡಬೇಕು. ಆಮೇಲೆ ಏನಾದರೂ ಹೆಚ್ಚುಕಡಿಮೆ ಆದರೆ, ಇದು ಮೊದಲೇ ಹೀಗಿತ್ತು ಅಂತ ಯಾರೂ ಕೈ ತೊಳೆದುಕೊಳ್ಳಲು ಆಗಬಾರದು.

ಹಳೇ ಗಣಿಗಳ ಪಕ್ಕದಲ್ಲಿ ಬೇಡದ ಕಲ್ಲು ಸುರಿದ ಡಂಪ್‌ಗಳಿವೆ. ಮೊದಲು ಅವನ್ನೇ ನೋಡಿ ಅಂತ ನನ್ನ ಬೇಡಿಕೆ. ಆಗ ಕಡಿಮೆ ದರ್ಜೆ ಅಂತ ಎಸೆದದ್ದು ಈಗ ಕೆಲಸಕ್ಕೆ ಬರಬಹುದು. ಕೋಲಾರದ ಸೈನೈಡ್ ದಿಬ್ಬಗಳಲ್ಲಿ ಉಳಿದಿರುವ ಚಿನ್ನ ತೆಗೆಯೋ ವಿಚಾರಕ್ಕೆ ರಾಜ್ಯ ಸಂಪುಟವೇ 2024ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಡಂಪ್‌ಗಳಲ್ಲಿ ಕ್ರೋಮೈಟ್ ಎಷ್ಟು ಉಳಿದಿದೆ, ನಿಕ್ಕಲ್ ಇದೆಯಾ, ಪ್ಲಾಟಿನಂ ಗುಂಪಿನ ಲೋಹದ ಸುಳಿವಾದರೂ ಇದೆಯಾ ಅಂತ ನೋಡಲು ಒಂದು ತೆಂಗಿನ ಮರವನ್ನೂ ಕಡಿಯಬೇಕಾಗಿಲ್ಲ. ಏನಾದರೂ ಸಿಕ್ಕರೆ ಲಾಭ. ಸಿಗದಿದ್ದರೂ ಆ ದಿಬ್ಬಗಳಿಗೆ ಮಣ್ಣು ಹೊದಿಸಿ, ಗಿಡ ನೆಟ್ಟು, ಮಳೆ ನೀರು ಹಳ್ಳಕ್ಕೆ ಹರಿಯದ ಹಾಗೆ ಮಾಡಿದರೆ ನಮ್ಮ ಜನಕ್ಕೆ ದೊಡ್ಡ ಉಪಕಾರ. ಗಣಿ ಇರುವ ಜಿಲ್ಲೆಗೆ ಖನಿಜ ಪ್ರತಿಷ್ಠಾನದ ಹಣ ಬರುತ್ತದೆ ನಿಜ. ಆದರೆ ಅದೂ ರಾಯಲ್ಟಿಯ ಮೇಲೆ ಲೆಕ್ಕ ಹಾಕಿ ಬರುವ ಹಣ, ಆ ಕಾನೂನು ಬಂದದ್ದು 2015ರಲ್ಲಿ. ಅದಕ್ಕೂ ಮೊದಲೇ ಕೆಲಸ ನಿಂತ ಗುಂಡಿಯ ಹೆಸರಲ್ಲಿ ಯಾರು ಕಟ್ಟುತ್ತಾರೆ? ಅದಕ್ಕೆ ಸರ್ಕಾರ ಬೇರೆಯಾಗಿಯೇ ದುಡ್ಡು ಇಡಬೇಕು.

ಗಣಿ ಬೇಡವೇ ಬೇಡ ಅನ್ನುವ ಸ್ನೇಹಿತರು ನನಗಿದ್ದಾರೆ. ಅವರು ಕುದುರೆಮುಖದ ಕಡೆ ಕೈ ತೋರಿಸುತ್ತಾರೆ. ಅವರ ಮಾತಿನಲ್ಲಿ ಸತ್ಯ ಇದೆ. ಚಿಕ್ಕಮಗಳೂರಿನ ಆ ಬೆಟ್ಟದಲ್ಲಿ 1976ರಲ್ಲಿ ಇರಾನ್ ದೇಶದ ಸಾಲದ ಭರವಸೆಯ ಮೇಲೆ ಕಂಪನಿ ಶುರುವಾಯಿತು. ಇರಾನಿನಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ನಡುವೆಯೇ ಮುರಿಯಿತು. ಆದರೂ ಗಣಿ ನಡೆಯಿತು. ಅದಿರಿನ ಪುಡಿಯನ್ನು ನೀರಲ್ಲಿ ಕಲಸಿ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸಿದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅದು. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಲು ಹೇಳಿತು, 2005ರ ಕೊನೆಗೆ ಕೆಲಸ ನಿಂತಿತು. ಅಲ್ಲಿ ಅದಿರು ಇನ್ನೂ ಬೇಕಾದಷ್ಟು ಇದೆ. ಆದರೂ ಅದು ಅಲ್ಲೇ ಇರಬೇಕು ಅಂತ ನಾನೂ ಒಪ್ಪುತ್ತೇನೆ. ಆ ಕಾಡು, ಆ ನೀರು ಮತ್ತೆ ಮಾಡಲು ಬರೋದಿಲ್ಲ.

ಅಲ್ಲಿಂದ ನಾನು ಕಲಿತದ್ದು ಬೇರೆ ಒಂದು ವಿಷಯ. 1913ರಲ್ಲಿ ಅದಿರು ಇದೆ ಅಂತ ಗೊತ್ತಾಯಿತು. ಅಲ್ಲಿ ಅಗೆಯಬಾರದು ಅಂತ ತೀರ್ಮಾನ ಆಗಲು ಸುಮಾರು 90 ವರ್ಷ ಬೇಕಾಯಿತು. ನಡುವೆ ಒಂದು ಊರು ಕಟ್ಟಿದರು. ಆಮೇಲೆ ಅದನ್ನು ಖಾಲಿ ಮಾಡಿಸಿದರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ತಮ್ಮ ಶಾಲೆ ಮುಚ್ಚಿದ್ದನ್ನು ನೋಡಿದರು. ಎಲ್ಲಿ ಅಗೆಯಬಹುದು, ಎಲ್ಲಿ ಅಗೆಯಲೇಬಾರದು ಅನ್ನೋದನ್ನು ಹುಡುಕಾಟದ ಜೊತೆಗೇ, ಮೊದಲೇ ಗೆರೆ ಎಳೆದು ಹೇಳಿದ್ದರೆ ಇಷ್ಟು ನೋವು ಆಗುತ್ತಿರಲಿಲ್ಲ. ನಮ್ಮದು ಬಯಲುಸೀಮೆ, ಘಟ್ಟದ ಕಾಡಿಲ್ಲ ನಿಜ. ಆದರೆ ನಮಗೂ ಕೆರೆಗಳಿವೆ, ಗೋಮಾಳ ಇದೆ, 780 ವರ್ಷ ಹತ್ತಿರ ಬಂದ ದೇವಸ್ಥಾನ ಇದೆ. ದೇವಸ್ಥಾನದ ಸುತ್ತ ಎಷ್ಟು ದೂರ ಸಿಡಿಮದ್ದು ಸಿಡಿಸಬಾರದು, ಯಾವ ಕೆರೆಯ ಮೇಲ್ಭಾಗದಲ್ಲಿ ಡಂಪ್ ಹಾಕಬಾರದು ಅಂತ ಇವತ್ತೇ ನಕ್ಷೆಯಲ್ಲಿ ಗುರುತು ಮಾಡಿ. ಹರಾಜಿಗೆ ಬರುವವರಿಗೂ ಅದು ಮೊದಲೇ ಗೊತ್ತಿರಲಿ.

ನಮ್ಮ ಹುಡುಗರ ಬಗ್ಗೆಯೂ ಒಂದು ಮಾತು. ಕೊಬ್ಬರಿ ಬೆಲೆ ಬಿದ್ದ ವರ್ಷ, ನುಸಿ ಪೀಡೆ ಬಂದ ವರ್ಷ ಇವರೆಲ್ಲ ಬೆಂಗಳೂರಿಗೆ ಬಸ್ ಹತ್ತುತ್ತಾರೆ. ಅಲ್ಲಿ ಸೆಕ್ಯುರಿಟಿ ಕೆಲಸ, ಡೆಲಿವರಿ ಕೆಲಸ. ಮುಂದೆ ಇಲ್ಲಿ ಡ್ರಿಲ್ಲಿಂಗ್ ಬಂದರೆ ಹೊರಗಿನಿಂದ ಬಂದವರಿಗೆ ಮಜ್ಜಿಗೆ ಕೊಡೋದಷ್ಟೇ ನಮ್ಮ ಪಾಲಾಗಬಾರದು. ಕೋರ್ ಜೋಡಿಸೋದು, ಅಳತೆ ಬರೆಯೋದು, ಮಣ್ಣಿನ ಸ್ಯಾಂಪಲ್ ತೆಗೆಯೋದು, ನೀರು ಪರೀಕ್ಷೆ ಮಾಡೋದು, ಇದನ್ನೆಲ್ಲ ನಮ್ಮ ಕಡೆಯ ಐಟಿಐ, ಡಿಪ್ಲೊಮಾ ಮಕ್ಕಳಿಗೆ ಕಲಿಸಬಹುದು. ಅವರು ಒಳಗಿದ್ದರೆ ಊರಿಗೆ ಸುದ್ದಿಯೂ ಸರಿಯಾಗಿ ಬರುತ್ತದೆ.

ಎಲ್ಲ ಕೊರೆದು ನೋಡಿದ ಮೇಲೆ, ಇಲ್ಲಿ ಲಾಭಕ್ಕೆ ಆಗುವಷ್ಟು ಇಲ್ಲ ಅಂತಲೇ ಬಂದರೂ ನನಗೆ ಬೇಸರ ಇಲ್ಲ. ಇಲ್ಲ ಅನ್ನೋದೂ ನಮಗೆ ಬೇಕಾದ ಉತ್ತರವೇ. ಆಗ ನಾನು ಆ ಎರಡು ಎಕರೆಯ ಲಂಟಾನ ಕಡಿಸಿ ಸಸಿ ಇಡುತ್ತೇನೆ. ಇದೆ ಅಂತ ಬಂದರೆ, ಎಷ್ಟಿದೆ, ಎಲ್ಲಿದೆ, ತೆಗೆದರೆ ನಮ್ಮ ನೀರಿಗೆ ಏನಾಗುತ್ತದೆ, ನಮ್ಮ ಪಾಲು ಏನು ಅಂತ ಗ್ರಾಮಸಭೆಯಲ್ಲಿ ಕೂತು ಮಾತಾಡೋಣ. ನಿಮ್ಮ ಭೂವಿಜ್ಞಾನಿ ಒಬ್ಬರು ನಕ್ಷೆ ಹಿಡಿದುಕೊಂಡು ಬಂದು ಕನ್ನಡದಲ್ಲಿ ಎರಡು ಗಂಟೆ ಹೇಳಿದರೆ ಸಾಕು. ನಮ್ಮ ಜನ ಕೇಳುತ್ತಾರೆ, ಕಷ್ಟದ ಪ್ರಶ್ನೆಯನ್ನೂ ಕೇಳುತ್ತಾರೆ.

ಬರುವುದಾದರೆ ತೋಟ ಹುಡುಕಲು ತೊಂದರೆ ಆಗೋದಿಲ್ಲ. ಬಿಸಿಲು ಮಳೆಗೆ ಕಂಬದ ಮೇಲಿನ ಅಕ್ಷರ ಮಾಸಿಹೋಗುತ್ತಿತ್ತು. ಹೋದ ದಸರಾದಲ್ಲಿ ನಾನೇ ಸುಣ್ಣ ಬಳಿದು, ಅದೇ ಎರಡು ಅಕ್ಷರ, ಅದೇ ಅಂಕಿಯನ್ನು ಕೆಂಪು ಬಣ್ಣದಲ್ಲಿ ಮತ್ತೆ ಬರೆದಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ನುಗ್ಗೇಹಳ್ಳಿ ಹೋಬಳಿಯ ಒಬ್ಬ ತೆಂಗು ಬೆಳೆಗಾರ
ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ